ನದಿಯಡಿಯ ಕಾಲುದಾರಿ

ಬೆಂಗಳೂರಿಗೆ ರೈಲಿನಲ್ಲಿ ಬಂದಿಳಿದು, ಮೆಜೆಸ್ಟಿಕ್ಕಿನ ಬಸ್ ನಿಲ್ದಾಣಕ್ಕೆ ಹೊರಟವರಿಗೆ ಒಂದು ಅನುಭವ ಚೆನ್ನಾಗಿ ಗೊತ್ತು. ಎದುರಿಗೆ ರಸ್ತೆ, ರಸ್ತೆಯ ತುಂಬ ಬಸ್ಸು, ಕಾರು, ಆಟೋರಿಕ್ಷಾ. ಆಚೆಯ ದಡ ಕಣ್ಣಿಗೆ ಕಾಣುತ್ತದೆ, ಕಾಲಿಗೆ ಎಟಕುವುದಿಲ್ಲ. ಆಗ ಕೈಯಲ್ಲೊಂದು ಚೀಲ, ಹೆಗಲಲ್ಲೊಂದು ಮಗು ಇದ್ದವರೂ ಮೆಟ್ಟಿಲಿಳಿದು ನೆಲದ ಕೆಳಗಿನ ದಾರಿಯನ್ನು ಹಿಡಿಯುತ್ತಾರೆ. ಸಬ್‌ವೇ ಎಂದೋ ಅಂಡರ್‌ಪಾಸ್ ಎಂದೋ ಅದನ್ನು ಕರೆಯುತ್ತೇವೆ. ಎರಡು ನಿಮಿಷ ನಡೆದು, ಮತ್ತೆ ಮೆಟ್ಟಿಲು ಹತ್ತಿ, ಹೊರಗೆ ಬಂದು, ಆ ದಾರಿಯನ್ನು ಅಲ್ಲೇ ಮರೆತುಬಿಡುತ್ತೇವೆ.

ಮನುಷ್ಯ ತನ್ನ ಊರಿನ ಗದ್ದಲಕ್ಕೆ ಹೆದರಿ ಹೀಗೆ ಭೂಮಿಯೊಳಗೆ ಇಳಿದು ನಡೆಯತೊಡಗಿದ್ದು ಎಂದಿನಿಂದ? ಮೊದಲು ಅಂಥ ದಾರಿಯನ್ನು ತೋಡಿದವರು ಏನು ಬೆಲೆ ತೆತ್ತರು? ನಡೆದವರು ಎಷ್ಟು ಸುಂಕ ಕೊಟ್ಟರು? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ನೀವು ನನ್ನೊಡನೆ ಲಂಡನ್ ನಗರದ ಪೂರ್ವಭಾಗಕ್ಕೆ, ಥೇಮ್ಸ್ ನದಿಯ ದಂಡೆಗೆ ಬರಬೇಕು. ಅಲ್ಲಿ ಒಂದಲ್ಲ, ಮೂರು ಕಾಲುದಾರಿಗಳ ಕಥೆಯಿದೆ. ಮೊದಲನೆಯದಕ್ಕೆ ಸುಂಕ ಒಂದು ಪೆನ್ನಿ. ಎರಡನೆಯದಕ್ಕೆ ಅರ್ಧ ಪೆನ್ನಿ. ಮೂರನೆಯದಕ್ಕೆ ಏನೂ ಇಲ್ಲ. ಈ ಮೂರು ಮೆಟ್ಟಿಲುಗಳನ್ನು ಇಳಿಯುವುದಕ್ಕೆ ಆ ನಗರಕ್ಕೆ ಸುಮಾರು 60 ವರ್ಷ ಹಿಡಿಯಿತು.

ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಲಂಡನ್ನು ಪ್ರಪಂಚದ ಅತಿ ದೊಡ್ಡ ಬಂದರುಗಳಲ್ಲೊಂದು. ಸಮುದ್ರದಿಂದ ಬರುವ ಹಡಗುಗಳು ಲಂಡನ್ ಸೇತುವೆಯವರೆಗೂ ನದಿಯಲ್ಲಿ ಮೇಲಕ್ಕೆ ಬರುತ್ತಿದ್ದುವು. ಆ ಸೇತುವೆಯಿಂದ ಕೆಳಗೆ, ಸಮುದ್ರದ ಕಡೆಗೆ, ಇನ್ನೊಂದು ಸೇತುವೆ ಇರಲಿಲ್ಲ, ಕಟ್ಟುವಂತೆಯೂ ಇರಲಿಲ್ಲ. ಕಟ್ಟಿದರೆ ಹಾಯಿಹಡಗುಗಳ ಎತ್ತರವಾದ ಕೂವೆಮರಗಳು ತಾಗಿ ಬಂದರೇ ಮುಚ್ಚಿಹೋಗುತ್ತಿತ್ತು. ಆದ್ದರಿಂದ ನದಿಯ ಈಚೆ ದಡದಲ್ಲಿ ಇಳಿದ ಸಾಮಾನು ಆಚೆ ದಡಕ್ಕೆ ಹೋಗಬೇಕಾದರೆ ಗಾಡಿಗಳು ಸುತ್ತು ಹಾಕಿ ಆ ಒಂದೇ ಸೇತುವೆಗೆ ಬರಬೇಕು. ಜನ ದೋಣಿ ಹತ್ತಬೇಕು. ಮಂಜು ಕವಿದ ದಿನ ದೋಣಿಯೂ ಇಲ್ಲ.

ಮೇಲೆ ದಾರಿಯಿಲ್ಲದಿದ್ದರೆ ಕೆಳಗೆ ಏಕೆ ಹೋಗಬಾರದು? ಈ ಯೋಚನೆ ಕೆಲವರಿಗೆ ಬಂದಿತ್ತು. 1805ರಲ್ಲಿ ಒಂದು ಕಂಪನಿ ಹುಟ್ಟಿತು. ಕಾರ್ನ್‌ವಾಲ್ ಪ್ರಾಂತದ ಗಣಿ ಎಂಜಿನಿಯರುಗಳಾದ ರಾಬರ್ಟ್ ವೇಜಿ, ಅನಂತರ ರಿಚರ್ಡ್ ಟ್ರೆವಿಥಿಕ್ ಅದರ ಕೆಲಸ ನೋಡಿದರು. ಟ್ರೆವಿಥಿಕ್ ಎಂದರೆ ಹಬೆಯ ಎಂಜಿನನ್ನು ಹಳಿಯ ಮೇಲೆ ಓಡಿಸಿದ ಮಹಾಶಯ, ಧೈರ್ಯಕ್ಕೆ ಕೊರತೆಯಿಲ್ಲ. ನದಿಯಡಿಯಲ್ಲಿ ಒಂದು ಸಣ್ಣ ಬಿಲವನ್ನು 1,000 ಅಡಿಗೂ ಹೆಚ್ಚು ದೂರ ಕೊರೆದುಕೊಂಡು ಹೋದರು. ಆಚೆಯ ದಡ ಹತ್ತಿರ ಬಂತು ಎನ್ನುವಾಗ ಮರಳು ಕುಸಿದು ನೀರು ನುಗ್ಗಿತು. ಕೆಲಸ ನಿಂತಿತು. ಮೆತ್ತನೆಯ ನೆಲದಲ್ಲಿ, ಅದೂ ನದಿಯ ತಳದಲ್ಲಿ, ಜನ ನಡೆಯುವಷ್ಟು ದೊಡ್ಡ ಸುರಂಗ ಅಸಾಧ್ಯವೆಂದು ಬಲ್ಲವರು ತೀರ್ಪು ಕೊಟ್ಟರು.

ಆ ತೀರ್ಪನ್ನು ಒಪ್ಪದವನು ಒಬ್ಬನಿದ್ದ. ಅವನ ಹೆಸರು ಮಾರ್ಕ್ ಇಸಂಬಾರ್ಡ್ ಬ್ರುನೆಲ್. ಹುಟ್ಟಿದ್ದು 1769ರಲ್ಲಿ, ಫ್ರಾನ್ಸಿನ ನಾರ್ಮಂಡಿಯಲ್ಲಿ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ರಾಜನ ಪಕ್ಷ ವಹಿಸಿ ಊರು ಬಿಡಬೇಕಾಯಿತು. ಅಮೆರಿಕಕ್ಕೆ ಓಡಿದ, ಅಲ್ಲಿಂದ 1799ರಲ್ಲಿ ಇಂಗ್ಲೆಂಡಿಗೆ ಬಂದ. ಹಡಗಿನ ರಾಟೆಗಳನ್ನು ಮಾಡುವ ಯಂತ್ರಗಳನ್ನು ನಿರ್ಮಿಸಿ ಬ್ರಿಟಿಷ್ ನೌಕಾಪಡೆಗೆ ಮಹೋಪಕಾರ ಮಾಡಿದ. ಆದರೆ ಯಂತ್ರ ಬಲ್ಲವನಿಗೆ ಲೆಕ್ಕದ ಪುಸ್ತಕ ಒಲಿಯಲಿಲ್ಲ. 1821ರಲ್ಲಿ ಸಾಲ ತೀರಿಸಲಾರದೆ ಸೆರೆಮನೆ ಸೇರಿದ. ರಷ್ಯದ ಚಕ್ರವರ್ತಿ ಅವನನ್ನು ಕರೆಸಿಕೊಳ್ಳುವ ಸೂಚನೆ ಕಂಡಾಗ ಬ್ರಿಟಿಷ್ ಸರಕಾರ ಎಚ್ಚತ್ತು, 5,000 ಪೌಂಡು ಕೊಟ್ಟು ಬಿಡಿಸಿತು.

ಈ ಬ್ರುನೆಲನಿಗೆ ಗುರುವಾದದ್ದು ಒಂದು ಹುಳು ಎಂದರೆ ನಿಮಗೆ ಆಶ್ಚರ್ಯವಾದೀತು. ಹಡಗಿನ ಮರವನ್ನು ಕೊರೆದು ತಿನ್ನುವ ಹುಳು ಅದು. ನಮ್ಮ ಕರಾವಳಿಯ ದೋಣಿಯವರಿಗೆ ಅದರ ಕಾಟ ಹೊಸದಲ್ಲ. ಅದರ ತಲೆಯ ಮೇಲೆ ಗಟ್ಟಿಯಾದ ಚಿಪ್ಪು. ಅದರಿಂದ ಮರವನ್ನು ಅರೆದು ಮುಂದೆ ಸಾಗುತ್ತದೆ. ಸಾಗಿದಂತೆಲ್ಲ ಹಿಂದೆ ಉಳಿದ ಬಿಲದ ಗೋಡೆಗೆ ಸುಣ್ಣದಂಥ ಲೇಪವನ್ನು ಮೆತ್ತುತ್ತದೆ. ಮುಂದೆ ಕೊರೆಯಬೇಕು, ಹಿಂದೆ ಕಟ್ಟಬೇಕು, ನಡುವೆ ತನ್ನ ತಲೆಯನ್ನು ಕಾಪಾಡಿಕೊಳ್ಳಬೇಕು. ಸುರಂಗದ ಗುಟ್ಟು ಇಷ್ಟೇ ಎಂದು ಬ್ರುನೆಲ್ ಕಂಡುಕೊಂಡ. 1818ರಲ್ಲಿ ಈ ತತ್ತ್ವದ ಮೇಲೆ ಒಂದು ‘ಗುರಾಣಿ’ಗೆ ಹಕ್ಕುಪತ್ರ ಪಡೆದ. 1824ರಲ್ಲಿ ಕಂಪನಿ ನೆಲೆಗೊಂಡಿತು. 1825ರ ಮಾರ್ಚಿಯಲ್ಲಿ ನದಿಯ ದಕ್ಷಿಣ ದಡದ ರಾದರ್‌ಹೈತಿನಲ್ಲಿ ಕೆಲಸ ಆರಂಭವಾಯಿತು.

ಮೊದಲು ಬಾವಿ. ಅದನ್ನು ಬ್ರುನೆಲ್ ಮೇಲಿನಿಂದ ಕೆಳಕ್ಕೆ ತೋಡಿಸಲಿಲ್ಲ. ಕಬ್ಬಿಣದ ಒಂದು ಬಳೆಯನ್ನು ನೆಲದ ಮೇಲಿಟ್ಟು, ಅದರ ಮೇಲೆ 50 ಅಡಿ ಅಗಲದ ಇಟ್ಟಿಗೆಯ ಗೋಪುರವನ್ನೇ ಕಟ್ಟಿಸಿದ. ಆಮೇಲೆ ಒಳಗಿನ ಮಣ್ಣನ್ನು ತೆಗೆಸುತ್ತ ಹೋದ. ಗೋಪುರ ತನ್ನ ಭಾರಕ್ಕೆ ತಾನೇ ದಿನಕ್ಕಿಷ್ಟು ಎಂದು ಭೂಮಿಯೊಳಗೆ ಇಳಿಯಿತು. ಮರಳು ನೆಲದಲ್ಲಿ ಬಾವಿಗೆ ಬಳೆ ಇಳಿಸುವುದನ್ನು ನೋಡಿದವರಿಗೆ ಈ ಉಪಾಯ ಕೂಡಲೇ ಅರ್ಥವಾಗುತ್ತದೆ.

ಬಾವಿಯ ತಳದಲ್ಲಿ ಗುರಾಣಿಯನ್ನು ನಿಲ್ಲಿಸಿದರು. ಹನ್ನೆರಡು ಕಬ್ಬಿಣದ ಚೌಕಟ್ಟು, ಒಂದರ ಪಕ್ಕ ಒಂದು. ಪ್ರತಿ ಚೌಕಟ್ಟಿನಲ್ಲಿ ಒಂದರ ಮೇಲೊಂದು ಮೂರು ಗೂಡು. ಅಲ್ಲಿಗೆ 36 ಗೂಡು, 36 ಆಳು. ಪ್ರತಿಯೊಬ್ಬನ ಎದುರಿಗೂ ಮಣ್ಣನ್ನು ಒತ್ತಿ ಹಿಡಿದ ಅಡ್ಡ ಹಲಗೆಗಳು. ಆತ ಒಂದೇ ಒಂದು ಹಲಗೆಯನ್ನು ತೆಗೆಯಬೇಕು. ಅದರ ಹಿಂದಿನ ಮಣ್ಣನ್ನು ನಾಲ್ಕೂವರೆ ಅಂಗುಲ ಕೆರೆಯಬೇಕು. ಹಲಗೆಯನ್ನು ಹೊಸ ಜಾಗದಲ್ಲಿ ಮತ್ತೆ ಬಿಗಿದು ಮುಂದಿನ ಹಲಗೆಗೆ ಕೈ ಹಾಕಬೇಕು. ಎಲ್ಲ ಹಲಗೆಗಳೂ ಮುಂದೆ ಹೋದ ಮೇಲೆ ಚೌಕಟ್ಟನ್ನು ತಿರುಪುಗಳಿಂದ ಮುಂದಕ್ಕೆ ನೂಕುತ್ತಿದ್ದರು. ಬೆನ್ನ ಹಿಂದೆ ಗಾರೆಯವರು ಇಟ್ಟಿಗೆಯ ಕಮಾನು ಕಟ್ಟಿಕೊಂಡು ಬರುತ್ತಿದ್ದರು. ವಾರಕ್ಕೆ ಹತ್ತು ಹನ್ನೆರಡು ಅಡಿ ಸಾಗಿದರೆ ಹೆಚ್ಚು.

ಕಾಗದದ ಮೇಲೆ ಇದು ಸೊಗಸು. ಗೂಡಿನೊಳಗೆ ನಿಂತವನಿಗೆ ನರಕ. ಆ ಕಾಲದ ಥೇಮ್ಸ್ ನದಿ ಎಂದರೆ ಇಡೀ ಊರಿನ ಕೊಚ್ಚೆ ಹರಿಯುವ ಕಾಲುವೆ. ಆ ನೀರು ಮೇಲಿನಿಂದ ತೊಟ್ಟಿಕ್ಕುತ್ತಿತ್ತು. ದುರ್ವಾಯು ತುಂಬಿ ಒಮ್ಮೊಮ್ಮೆ ದೀಪದ ಉರಿ ತಾಗಿ ಭಗ್ಗೆಂದು ಹೊತ್ತಿಕೊಳ್ಳುತ್ತಿತ್ತು. ಆಳುಗಳು ತಲೆ ಸುತ್ತಿ ಬೀಳುತ್ತಿದ್ದರು. ಕೆಲವರಿಗೆ ಕಣ್ಣು ಕಾಣದಂತಾಗುತ್ತಿತ್ತು. ಸ್ಥಳದ ಎಂಜಿನಿಯರನೂ ಕಾಯಿಲೆ ಬಿದ್ದ. ಅವನ ಜಾಗಕ್ಕೆ ಬಂದವನು ಬ್ರುನೆಲನ ಮಗ, ಇಸಂಬಾರ್ಡ್ ಕಿಂಗ್ಡಮ್ ಬ್ರುನೆಲ್. ಆಗ ಅವನಿಗೆ ಇಪ್ಪತ್ತು ವರ್ಷ.

ಸುರಂಗದ ಮಾಡು ನದಿಯ ತಳಕ್ಕೆ ತೀರ ಹತ್ತಿರವಾಗಿತ್ತು. ಕೆಳಗೆ ಹೋದರೆ ಹರಿಮರಳು ಸಿಕ್ಕುವುದೆಂದು ಹೆದರಿಸಿದ್ದರಿಂದ ಬ್ರುನೆಲ್ ಮೇಲಿನ ಜೇಡಿಯಲ್ಲೇ ಸಾಗಿದ್ದ. ಆದರೆ ನದಿಯಲ್ಲಿ ಜಲ್ಲಿ ತೆಗೆಯುವವರು ತಳವನ್ನು ಅಲ್ಲಲ್ಲಿ ಬಗೆದು ಗುಂಡಿ ಮಾಡಿದ್ದರು. 1827ರ ಮೇ 18ರಂದು, ಸುರಂಗ 549 ಅಡಿ ಸಾಗಿದಾಗ, ನದಿ ಒಳಗೆ ನುಗ್ಗಿತು. ತರುಣ ಬ್ರುನೆಲ್ ಗಂಟೆಯಾಕಾರದ ಮುಳುಗುಗೂಡಿನಲ್ಲಿ ಕುಳಿತು ನದಿಯ ತಳಕ್ಕೆ ಇಳಿದು ತೂತನ್ನು ನೋಡಿ ಬಂದ. ಜೇಡಿಮಣ್ಣಿನ ಮೂಟೆಗಳನ್ನು ಸಾವಿರಗಟ್ಟಲೆ ಸುರಿದು ಅದನ್ನು ಮುಚ್ಚಿದರು, ನೀರೆತ್ತಿದರು. ನವೆಂಬರಿನಲ್ಲಿ, ಜನರ ಭಯ ಬಿಡಿಸಲೆಂದು, ಸುರಂಗದೊಳಗೇ ಔತಣ ನಡೆಯಿತು. ಒಂದು ಕಮಾನಿನ ಕೆಳಗೆ ಗಣ್ಯ ಅತಿಥಿಗಳು, ಪಕ್ಕದ ಕಮಾನಿನಲ್ಲಿ ನೂರಕ್ಕೂ ಮೇಲ್ಪಟ್ಟು ಕೆಲಸದಾಳುಗಳು. ಮಿಲಿಟರಿ ಬ್ಯಾಂಡು ನುಡಿಯಿತು. ತಲೆಯ ಮೇಲೆ ಥೇಮ್ಸ್ ಹರಿಯುತ್ತಿತ್ತು.

ಎರಡು ತಿಂಗಳು ಕಳೆಯಿತು. 1828ರ ಜನವರಿ 12ರ ಬೆಳಗ್ಗೆ ನದಿ ಮತ್ತೆ ಬಂತು. ಈ ಸಲ ಆರು ಮಂದಿ ಮುಳುಗಿ ಸತ್ತರು. ತರುಣ ಬ್ರುನೆಲನೂ ಗುರಾಣಿಯ ಬಳಿಯೇ ಇದ್ದ. ನೀರಿನ ಅಲೆ ಅವನನ್ನು ಸುರಂಗದುದ್ದಕ್ಕೂ ನೂಕಿಕೊಂಡು ಬಂದು ಬಾವಿಯ ಮೇಲ್ಭಾಗಕ್ಕೆ ಎಸೆದದ್ದರಿಂದ ಜೀವ ಉಳಿಯಿತು. ಮುಂದೆ ಇಂಗ್ಲೆಂಡಿನ ರೈಲುದಾರಿಗಳನ್ನೂ ಸೇತುವೆಗಳನ್ನೂ ಉಕ್ಕಿನಂಥ ಸಂಕಲ್ಪದಿಂದ ಕಟ್ಟಿದವನು ಈತನೇ. ಅವನ ಹೆಸರು ಉಳಿಯಿತು. ಆ ಆರು ಮಂದಿಯನ್ನು ನೆನೆಯುವವರು ಕಡಿಮೆ. ನಾವಾದರೂ ಇಲ್ಲಿ ಒಂದು ಕ್ಷಣ ನಿಂತು ಮುಂದೆ ಹೋಗೋಣ.

ಹಣ ಮುಗಿಯಿತು. ಆಗಸ್ಟಿನಲ್ಲಿ ಸುರಂಗದ ಬಾಯಿಗೆ ಗೋಡೆ ಕಟ್ಟಿದರು. ಗೋಡೆಗೆ ಒಂದು ಕನ್ನಡಿ ಹಚ್ಚಿ, ಅರ್ಧ ಸುರಂಗವೇ ಪೂರ್ತಿಯಾಗಿ ಕಾಣುವಂತೆ ಮಾಡಿ, ನೋಡಲು ಬಂದವರಿಂದ ಕಾಸು ತೆಗೆದುಕೊಂಡರು. ಹೀಗೆ ಏಳು ವರ್ಷ. ಕೊನೆಗೆ ಸರಕಾರದ ಸಾಲ ದೊರೆತು 1835ರಲ್ಲಿ ಕೆಲಸ ಮತ್ತೆ ತೊಡಗಿತು. ಹಳೆಯ ಗುರಾಣಿಯನ್ನು ತೆಗೆದು ಅದಕ್ಕಿಂತ ಭಾರಿಯಾದುದನ್ನು ನಿಲ್ಲಿಸಿದರು. ನದಿ ಇನ್ನೂ ಕೆಲವು ಸಲ ಒಳಹೊಕ್ಕಿತು. 1841ರಲ್ಲಿ ಸುರಂಗ ಉತ್ತರ ದಡದ ವಾಪಿಂಗನ್ನು ಮುಟ್ಟಿತು. ಆ ವರ್ಷವೇ ಮುದುಕ ಬ್ರುನೆಲನಿಗೆ ‘ಸರ್’ ಪದವಿ ಬಂತು. 1843ರ ಮಾರ್ಚಿ 25ರಂದು ದಾರಿ ತೆರೆಯಿತು. ಆರಂಭವಾಗಿ ಹದಿನೆಂಟು ವರ್ಷವಾಗಿತ್ತು. ಖರ್ಚು ಆರು ಲಕ್ಷ ಪೌಂಡನ್ನು ಮೀರಿತ್ತು.

ಇಲ್ಲಿ ಒಂದು ಮಾತನ್ನು ಗಮನಿಸಿ. ಈ ಸುರಂಗವನ್ನು ತೋಡಿದ್ದು ಸಾಮಾನಿನ ಗಾಡಿಗಳಿಗಾಗಿ. ಕುದುರೆಗಾಡಿ ಇಳಿಯಬೇಕಾದರೆ ಎರಡು ದಡದಲ್ಲೂ ಸುತ್ತಿ ಸುತ್ತಿ ಇಳಿಯುವ ಇಳಿಜಾರು ಬೇಕು. ಅದಕ್ಕೆ ಕಂಪನಿಯಲ್ಲಿ ಹಣ ಉಳಿದಿರಲಿಲ್ಲ. ಆದ್ದರಿಂದ ಬಾವಿಗಳಿಗೆ ಮೆಟ್ಟಿಲು ಹಾಕಿ, ನಡೆಯುವವರನ್ನು ಮಾತ್ರ ಬಿಟ್ಟರು. ನದಿಯಡಿಯ ಮೊದಲ ಸಾರ್ವಜನಿಕ ಕಾಲುದಾರಿ ಹುಟ್ಟಿದ್ದು ಪಾದಚಾರಿಯ ಮೇಲಣ ಪ್ರೀತಿಯಿಂದಲ್ಲ. ಗಾಡಿಗೆ ದಾರಿ ಮಾಡಲು ಹಣ ಸಾಲದೆ!

ಆದರೂ ಜನ ಮುಗಿಬಿದ್ದರು. ಮೊದಲ ದಿನವೇ ಸುಮಾರು 50,000 ಮಂದಿ ನಡೆದರು. ಕೆಲವೇ ತಿಂಗಳಲ್ಲಿ ಲೆಕ್ಕ ಹತ್ತು ಲಕ್ಷ ದಾಟಿತು. ಜುಲೈಯಲ್ಲಿ ವಿಕ್ಟೋರಿಯಾ ರಾಣಿಯೂ ಬಂದು ನೋಡಿದಳು. ಎರಡು ಹಾದಿಗಳ ನಡುವಣ ಕಮಾನುಗಳಲ್ಲಿ ಚಿಕ್ಕ ಅಂಗಡಿಗಳು ಎದ್ದುವು. ಸುರಂಗದ ಚಿತ್ರ, ಆಟಿಕೆ, ನೆನಪಿನ ಸಾಮಾನು, ತಿಂಡಿ ಎಲ್ಲವೂ ಅಲ್ಲಿ. ಜಾತ್ರೆಯ ಸಂಭ್ರಮ. ಈಗ ನೀವೇ ಲೆಕ್ಕ ಹಾಕಿ. ಒಬ್ಬನಿಗೆ ಒಂದು ಪೆನ್ನಿ ಸುಂಕ. ಆಗ 240 ಪೆನ್ನಿಗೆ ಒಂದು ಪೌಂಡು. ಹತ್ತು ಲಕ್ಷ ಜನ ನಡೆದರೆ ಬರುವುದು 4,166 ಪೌಂಡು. ಖರ್ಚಾದದ್ದು ಆರು ಲಕ್ಷ. ಇನ್ನು, ದಿನವೂ ಕೆಲಸಕ್ಕೆ ಹೋಗಿ ಬರುವ ಕೂಲಿಯವನಿಗೆ ಹೋಗಲೊಂದು ಬರಲೊಂದು ಪೆನ್ನಿ ಕೊಡುವುದೂ ಹೊರೆಯೇ. ಕಂಪನಿಗೆ ಕಡಿಮೆಯಾದದ್ದು ನಡೆಯುವವನಿಗೆ ಹೆಚ್ಚಾಯಿತು.

ನೋಡುವ ಕುತೂಹಲ ತೀರಿದ ಮೇಲೆ ಜಾತ್ರೆ ಮಂಕಾಯಿತು. ಅಮೆರಿಕದ ಕಾದಂಬರಿಕಾರ ನಥಾನಿಯಲ್ ಹಾಥಾರ್ನ್ 1850ರ ದಶಕದಲ್ಲಿ ಅಲ್ಲಿಗೆ ಇಳಿದಾಗ ಕಂಡದ್ದು ಗ್ಯಾಸುದೀಪದ ಮಬ್ಬಿನಲ್ಲಿ ಕೊನೆಯೇ ಕಾಣದ ಒಂದು ಓಣಿ, ಗಿರಾಕಿಗಳಿಗಾಗಿ ಕಾದು ಕುಳಿತ ಅಂಗಡಿಯವರು. 1849ರಲ್ಲಿ ಬ್ರುನೆಲ್ ತೀರಿಕೊಂಡಿದ್ದ. 1865ರಲ್ಲಿ ಒಂದು ರೈಲು ಕಂಪನಿ ಸುರಂಗವನ್ನು ಕೊಂಡಿತು. 1869ರ ಡಿಸೆಂಬರಿನಿಂದ ಅದರಲ್ಲಿ ರೈಲು ಓಡಿತು. ಪಾದಚಾರಿಯ ಪಾಲಿಗೆ ಬಾಗಿಲು ಮುಚ್ಚಿತು.

ಒಂದು ಬಾಗಿಲು ಮುಚ್ಚುವ ಹೊತ್ತಿಗೆ ಇನ್ನೊಂದು ತೆರೆಯುವುದರಲ್ಲಿತ್ತು. ಅದೇ 1869ರಲ್ಲಿ ಲಂಡನ್ನಿನ ಕೋಟೆಯ ಬಳಿ ಪೀಟರ್ ಬಾರ್ಲೊ, ಜೇಮ್ಸ್ ಹೆನ್ರಿ ಗ್ರೇಟ್‌ಹೆಡ್ ಎಂಬ ಎಂಜಿನಿಯರುಗಳು ಸಣ್ಣದೊಂದು ಸುರಂಗ ಕೊರೆದರು. ಬ್ರುನೆಲನ ಚೌಕ ಗುರಾಣಿಯ ಬದಲು ಇದು ದುಂಡು ಗುರಾಣಿ. ಇಟ್ಟಿಗೆಯ ಬದಲು ಎರಕದ ಕಬ್ಬಿಣದ ಬಳೆಗಳು. ನದಿಯ ತಳದಿಂದ ಸಾಕಷ್ಟು ಕೆಳಗೆ, ನೀರೊಸರದ ಗಟ್ಟಿ ಜೇಡಿಯಲ್ಲಿ ದಾರಿ. ಹಿಂದೆ ಹದಿನೆಂಟು ವರ್ಷ ಹಿಡಿದ ಕೆಲಸ ಈಗ ಒಂದು ವರ್ಷದೊಳಗೆ ಮುಗಿಯಿತು. 1870ರಲ್ಲಿ ಹಗ್ಗದಿಂದ ಎಳೆಯುವ, ಹನ್ನೆರಡು ಮಂದಿ ಕೂರುವ ಗಾಡಿಯೊಂದನ್ನು ಅದರಲ್ಲಿ ಓಡಿಸಿದರು. ಕೆಲವೇ ತಿಂಗಳಲ್ಲಿ ಕಂಪನಿ ದಿವಾಳಿಯೆದ್ದಿತು. ಗಾಡಿಯನ್ನು ಕಿತ್ತುಹಾಕಿ, ಹಲಗೆ ಹಾಸಿ, ಅರ್ಧ ಪೆನ್ನಿ ಸುಂಕಕ್ಕೆ ನಡೆಯುವವರನ್ನು ಬಿಟ್ಟರು. ಮತ್ತೆ ಅದೇ ಕಥೆ ನೋಡಿ: ಗಾಡಿ ಸೋತ ಕಡೆ ಕಾಲು ಗೆದ್ದಿತು. ಒಳಗೆ ಏಳಡಿಯೂ ಎತ್ತರವಿಲ್ಲದ ಕೊಳವೆ. ಟೋಪಿ ಹಾಕಿದವನು ತಲೆ ತಗ್ಗಿಸಬೇಕು. ಆದರೂ ವರ್ಷಕ್ಕೆ ಹತ್ತು ಲಕ್ಷ ಜನ ಓಡಾಡಿದರು. ಇವರು ತಮಾಷೆ ನೋಡಲು ಬಂದವರಲ್ಲ, ಹೊಟ್ಟೆಪಾಡಿಗೆ ಹೊರಟವರು. 1894ರಲ್ಲಿ ಪಕ್ಕದಲ್ಲೇ ಟವರ್ ಸೇತುವೆ ಸುಂಕವಿಲ್ಲದೆ ತೆರೆದಾಗ ಅರ್ಧ ಪೆನ್ನಿಯ ದಾರಿ ಬರಿದಾಯಿತು, 1898ರಲ್ಲಿ ಮುಚ್ಚಿತು. ಆಮೇಲೆ ಅದರಲ್ಲಿ ನೀರಿನ ಕೊಳವೆಗಳು ಹಾದುವು.

ಇಷ್ಟರಲ್ಲಿ ಊರಿನಲ್ಲಿ ಬೇರೊಂದು ಜಗಳ ಎದ್ದಿತ್ತು. 1877ರ ಕಾಯಿದೆಯ ಪ್ರಕಾರ ನಗರದ ಹಣದಿಂದ ಸೇತುವೆಗಳ ಸುಂಕವನ್ನೆಲ್ಲ ಕೊಂಡು ರದ್ದುಮಾಡಿದರು. ಆದರೆ ಸೇತುವೆಗಳಿದ್ದುದೆಲ್ಲ ಪಶ್ಚಿಮದಲ್ಲಿ. ಪೂರ್ವದ ಬಡ ಬಡಾವಣೆಗಳಲ್ಲಿ ಸೇತುವೆಯೇ ಇಲ್ಲ. ‘ನಾವೂ ತೆರಿಗೆ ಕೊಡುತ್ತೇವೆ, ನಮಗೆ ಸುಂಕವಿಲ್ಲದ ದಾರಿ ಎಲ್ಲಿ?’ ಎಂದು ಅಲ್ಲಿಯ ಜನ ಕೇಳಿದರು. ನ್ಯಾಯವಾದ ಪ್ರಶ್ನೆ. ಅದರ ಫಲವಾಗಿ 1889ರಲ್ಲಿ ವುಲಿಚ್ಚಿನಲ್ಲಿ ಸುಂಕವಿಲ್ಲದ ಹಡಗುಗಡ, 1897ರಲ್ಲಿ ಬ್ಲಾಕ್‌ವಾಲಿನಲ್ಲಿ ಗಾಡಿಗಳ ಸುರಂಗ ಬಂದುವು. ಗ್ರಿನಿಚ್ಚಿನಿಂದ ಎದುರು ದಡದ ಹಡಗುಕಟ್ಟೆಗಳಿಗೆ ಕೂಲಿಗೆ ಹೋಗುವವರು ಮಾತ್ರ ಇನ್ನೂ ದೋಣಿಗೆ ದುಡ್ಡು ತೆತ್ತು, ಮಂಜಿನ ದಿನ ಕೆಲಸ ಕಳೆದುಕೊಳ್ಳುತ್ತಿದ್ದರು. ನಗರಸಭೆಯ ಸದಸ್ಯ ವಿಲ್ ಕ್ರೂಕ್ಸ್ ತಾನೇ ಹಡಗುಕಟ್ಟೆಯಲ್ಲಿ ದುಡಿದವನು. ಅವರ ಪರವಾಗಿ ಹಟ ಹಿಡಿದ. ನಗರದ ಎಂಜಿನಿಯರು ಸರ್ ಅಲೆಕ್ಸಾಂಡರ್ ಬಿನ್ನಿ ನಕ್ಷೆ ಬರೆದ. 1902ರ ಆಗಸ್ಟ್ 4ರಂದು ಗ್ರಿನಿಚ್ ಕಾಲ್ನಡಿಗೆಯ ಸುರಂಗ ತೆರೆಯಿತು. ಉದ್ದ 1,215 ಅಡಿ. ಒಳಗೆಲ್ಲ ಬಿಳಿಯ ಹೊಳಪಿನ ಬಿಲ್ಲೆಗಳು. ಎರಡು ದಡದಲ್ಲೂ ಗಾಜಿನ ಗುಮ್ಮಟ. ಹಗಲೂ ರಾತ್ರಿಯೂ ತೆರೆದ ದಾರಿ, ಸುಂಕವಿಲ್ಲ. 1912ರಲ್ಲಿ ವುಲಿಚ್ಚಿನಲ್ಲಿ ಇಂಥದೇ ಇನ್ನೊಂದಾಯಿತು.

ಇದು ಗಾಡಿಯಿಂದ ಉಳಿದದ್ದಲ್ಲ, ಕಂಪನಿ ಬಿಟ್ಟುಕೊಟ್ಟದ್ದಲ್ಲ. ಮೊದಲಿಂದಲೂ ನಡೆಯುವವನಿಗೆಂದೇ, ಅವನ ಹೆಸರಿನಲ್ಲೇ, ಊರಿನ ಹಣದಲ್ಲಿ ಕಟ್ಟಿದ ದಾರಿ. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ಉತ್ತರದ ತುದಿಗೆ ಪೆಟ್ಟಾಯಿತು. ಒಳಗೆ ಉಕ್ಕಿನ ಬಳೆ ಹಾಕಿ ಬಲಪಡಿಸಿದರು. ಇಂದಿಗೂ ಅಲ್ಲಿ ಹಾದಿ ಇಕ್ಕಟ್ಟು. ಆಚೆಯ ದಡದ ಹಡಗುಕಟ್ಟೆಗಳು 1980ರಲ್ಲಿ ಮುಚ್ಚಿದುವು; ಅಲ್ಲೀಗ ಬ್ಯಾಂಕುಗಳ ಗಗನಚುಂಬಿ ಕಟ್ಟಡಗಳು ನಿಂತಿವೆ. ಕೂಲಿಯವನಿಗೆಂದು ಮಾಡಿದ ದಾರಿಯಲ್ಲಿ ಇಂದು ಗುಮಾಸ್ತರೂ ಪ್ರವಾಸಿಗಳೂ ನಡೆಯುತ್ತಾರೆ. ಬ್ರುನೆಲನ ಹಳೆಯ ಸುರಂಗದಲ್ಲಿ ಇಂದಿಗೂ ರೈಲು ಓಡುತ್ತಿದೆ. ಅವನ ಗುರಾಣಿಯ ವಂಶವೂ ಅಳಿದಿಲ್ಲ. 2016ರಲ್ಲಿ ಕಬ್ಬನ್ ಪಾರ್ಕಿನ ಕಡೆಯಿಂದ ಮೆಜೆಸ್ಟಿಕ್ಕಿಗೆ ನೆಲದಡಿಯಲ್ಲಿ ನಮ್ಮ ಮೆಟ್ರೋ ಓಡತೊಡಗಿತಲ್ಲವೆ? ಆ ಸುರಂಗವನ್ನು ಕೊರೆದ ಯಂತ್ರವೂ ಮುಂದೆ ಮಣ್ಣು ಕೆರೆಯುತ್ತ, ಹಿಂದೆ ಬಳೆ ಕಟ್ಟುತ್ತ, ಕಟ್ಟಿದ ಬಳೆಗೇ ಒದ್ದುಕೊಂಡು ಮುಂದೆ ಸಾಗಿದ್ದು. 36 ಗೂಡುಗಳಲ್ಲಿ ನಿಂತ 36 ಆಳುಗಳ ಕೆಲಸವನ್ನು ಒಂದು ಉಕ್ಕಿನ ಚಕ್ರ ಮಾಡಿತು, ಅಷ್ಟೆ.

ನಗರದಲ್ಲಿ ಗಾಡಿಗೆ ದಾರಿ ತಾನಾಗಿ ಆಗುತ್ತದೆ. ನಡೆಯುವವನಿಗೆ ದಾರಿ ಯಾರಾದರೂ ಕೇಳಿದರೆ ಆಗುತ್ತದೆ. ಲಂಡನ್ನಿನ ಈ ಮೂರು ಸುರಂಗಗಳು ಹೇಳುವುದು ಇದನ್ನೇ. ಕೇಳಿ ಪಡೆದ ದಾರಿಯನ್ನು ಬೆಳಕು, ಗಾಳಿ, ಶುಚಿ ಇರುವಂತೆ ಉಳಿಸಿಕೊಳ್ಳುವುದೂ ನಡೆಯುವವರ ಕೆಲಸವೇ. ಇನ್ನೊಮ್ಮೆ ನೀವು ಮೆಜೆಸ್ಟಿಕ್ಕಿನಲ್ಲಿ ಮೆಟ್ಟಿಲಿಳಿದು ಆ ದಾರಿಯಲ್ಲಿ ಹೋಗುವಾಗ, ನಿಮ್ಮ ಬಸ್ಸಿಗೆ ಹೊತ್ತಾಗದಿದ್ದರೆ, ಎರಡು ಹೆಜ್ಜೆ ನಿಧಾನವಾಗಿ ನಡೆಯಿರಿ. ಮುಂದೊಬ್ಬ ಅಜ್ಜಿ ಮೆಟ್ಟಿಲು ಹತ್ತಲಾರದೆ ನಿಂತಿದ್ದರೆ ಅವರ ಗಂಟಿಗೆ ಕೈ ಕೊಡಿ. ಈ ದಾರಿ ಇರುವುದು ಅವರಿಗಾಗಿ.